ಅಪ್ಪನನ್ನು ನೋಡಿಯೇ ಇಲ್ಲದ ಊರಿನಲ್ಲಿ

ಪ್ರಶ್ನೆ: ನನಗೆ 29 ವರ್ಷ, ಒಬ್ಬಳೇ ಮಗಳು. ಒಂದು ವರ್ಷದ ಹಿಂದೆ ಅಪ್ಪ ಹೃದಯಾಘಾತವಾಗಿ ಇದ್ದಕ್ಕಿದ್ದಂತೆ ತೀರಿಕೊಂಡರು. ವಿದೇಶದ ಕೆಲಸಕ್ಕೆ ಮೊದಲೇ ಒಪ್ಪಿಕೊಂಡಿದ್ದೆ, ಅಮ್ಮನೂ ಹೋಗು ಅಂದರು, ಐದು ತಿಂಗಳಾದ ಮೇಲೆ ಇಲ್ಲಿಗೆ ಬಂದೆ. ಮನೆಯಲ್ಲಿದ್ದಾಗ ನಾನು ಅತ್ತಿದ್ದೇ ಕಡಿಮೆ. ಇಲ್ಲಿಗೆ ಬಂದ ಮೇಲೆ ಶುರುವಾಗಿದೆ. ಮೊನ್ನೆ ಅಂಗಡಿಯಲ್ಲಿ ಬಲ್ಬು, ಸ್ಕ್ರೂಡ್ರೈವರ್ ಇಟ್ಟಿರುವ ಕಡೆ ನಿಂತು ಅತ್ತುಬಿಟ್ಟೆ. ಮನೆಯಲ್ಲಿ ಏನು ಕೆಟ್ಟರೂ ಅಪ್ಪನೇ ರಿಪೇರಿ ಮಾಡುತ್ತಿದ್ದರು. ದುಃಖದಿಂದ ತಪ್ಪಿಸಿಕೊಳ್ಳಲು ನಾನು ಓಡಿಬಂದೆನಾ? ಇಲ್ಲಿ ಒಬ್ಬ ಹುಡುಗನ ಪರಿಚಯವಾಗಿದೆ. ಅವನೂ ಎರಡು ವರ್ಷದ ಹಿಂದೆ ತಾಯಿಯನ್ನು ಕಳೆದುಕೊಂಡವನು. ಗಂಟೆಗಟ್ಟಲೆ ಮಾತಾಡುತ್ತೇವೆ. ಇದು ಪ್ರೀತಿಯೋ, ಬರೀ ದುಃಖವೋ ಗೊತ್ತಾಗುತ್ತಿಲ್ಲ. ಅವನನ್ನು ಬಿಟ್ಟರೆ ಇಲ್ಲಿ ನನಗೆ ಯಾರೂ ಇಲ್ಲ. ಅಮ್ಮನಿಗೆ ದಿನಾ 'ಚೆನ್ನಾಗಿದ್ದೀನಿ' ಅಂತ ಸುಳ್ಳು ಹೇಳುತ್ತೇನೆ. ಮುಂದಿನ ತಿಂಗಳು ಮೊದಲ ಸಲ ಮನೆಗೆ ಹೋಗುತ್ತಿದ್ದೇನೆ. ಅದಕ್ಕೂ ಭಯ.

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲು ಆ ಅಂಗಡಿಯ ವಿಷಯ. ನೀವು ಅಲ್ಲಿ ಅತ್ತಿದ್ದರಲ್ಲಿ ವಿಚಿತ್ರ ಏನೂ ಇಲ್ಲ. ಆಸ್ಪತ್ರೆ ನೆನೆದಾಗ ಬಾರದ ಅಳು ಸ್ಕ್ರೂಡ್ರೈವರ್ ನೋಡಿದಾಗ ಬರುತ್ತದೆ, ಯಾಕೆಂದರೆ ಅಪ್ಪ ಇದ್ದದ್ದು ಆಸ್ಪತ್ರೆಯಲ್ಲಲ್ಲ, ಆ ಸ್ಕ್ರೂಡ್ರೈವರ್ ಹಿಡಿದ ಕೈಯಲ್ಲಿ.

ಓಡಿಬಂದೆನಾ ಅಂತ ಕೇಳಿದ್ದೀರಿ. ಇಲ್ಲ. ಹಾಗೆ ಯಾಕೆ ಅನ್ನಿಸುತ್ತಿದೆ ಅಂತ ನನಗೆ ಅರ್ಥವಾಗುತ್ತದೆ, ಆದರೂ ಇಲ್ಲ. ನೆದರ್ಲೆಂಡ್ಸಿನಲ್ಲಿ ಮಾರ್ಗರೆಟ್ ಸ್ಟ್ರೋಬ ಮತ್ತು ಹೆಂಕ್ ಸ್ಕುಟ್ ಎಂಬ ಇಬ್ಬರು ಸಂಶೋಧಕರು 1999ರಲ್ಲಿ ಒಂದು ವಿವರಣೆ ಕೊಟ್ಟರು. ದುಃಖದಲ್ಲಿರುವವರ ಜೊತೆ ಮಾತಾಡುವ ನಮ್ಮ ಕೆಲಸದಲ್ಲಿ ಇವತ್ತಿಗೂ ಅದನ್ನು ಬಳಸುತ್ತೇವೆ. ದುಃಖದಲ್ಲಿರುವವರು ಉಯ್ಯಾಲೆಯ ಹಾಗೆ ಆ ಕಡೆ ಈ ಕಡೆ ತೂಗುತ್ತಿರುತ್ತಾರೆ. ಒಂದು ಕಡೆ ನೋವು, ಹಂಬಲ, ನೆನಪು. ಇನ್ನೊಂದು ಕಡೆ ಬದುಕಿನ ಕೆಲಸ, ಬ್ಯಾಂಕು, ಕಾಗದಪತ್ರ, ಹೊಸ ಜವಾಬ್ದಾರಿ. ಎರಡೂ ಬೇಕು. ಆರೋಗ್ಯವಾಗಿ ದುಃಖಪಡುವುದು ಅಂದರೆ ಹೀಗೆ ತೂಗುವುದೇ. ಮನೆಯಲ್ಲಿದ್ದ ಐದು ತಿಂಗಳು ನೀವು ಬಹುಪಾಲು ಎರಡನೇ ಕಡೆಯಲ್ಲಿದ್ದಿರಿ ಅಂತ ಕಾಣುತ್ತದೆ. ಒಬ್ಬಳೇ ಮಗಳು, ಎದುರಿಗೆ ಅಮ್ಮ, ಮಾಡಬೇಕಾದ ನೂರು ಕೆಲಸ. ಅಳುವುದಕ್ಕೆ ಜಾಗ ಎಲ್ಲಿತ್ತು? ಈಗಿರುವ ಊರಿನಲ್ಲಿ ಸಂಜೆ ಬಾಗಿಲು ಹಾಕಿಕೊಂಡರೆ ಯಾರಿಗೂ ಧೈರ್ಯ ಹೇಳಬೇಕಾಗಿಲ್ಲ. ಆಗ ಬರಬೇಕಾದದ್ದು ಈಗ ಬರುತ್ತಿದೆ.

ಇನ್ನೊಂದು ಕಾರಣವೂ ಇದೆ, ಬೇರೆ ದೇಶದಲ್ಲಿರುವವರಿಗೆ ಇದು ಮುಖ್ಯ. ಒಬ್ಬರು ಇಲ್ಲ ಅನ್ನುವುದನ್ನು ಮಿದುಳು ಒಂದೇ ದಿನದಲ್ಲಿ ಒಪ್ಪಿಕೊಳ್ಳುವುದಿಲ್ಲ, ನಿಧಾನವಾಗಿ ಕಲಿಯಬೇಕಾಗುತ್ತದೆ. ಅಮೆರಿಕದ ಅರಿಜೋನಾ ವಿಶ್ವವಿದ್ಯಾಲಯದ ಮೇರಿ ಫ್ರಾನ್ಸಿಸ್ ಓ'ಕಾನರ್ ಮಿದುಳು ಮತ್ತು ದುಃಖದ ಬಗ್ಗೆ ವರ್ಷಗಟ್ಟಲೆ ಕೆಲಸ ಮಾಡಿದವರು. ದುಃಖಪಡುವುದು ಅಂದರೆ ಒಂದು ಕಲಿಕೆ ಅನ್ನುತ್ತಾರೆ ಅವರು. ಮನೆಯಲ್ಲಿ ಉಳಿದವರಿಗೆ ಆ ಪಾಠ ದಿನಾ ಆಗುತ್ತದೆ. ಖಾಲಿ ಕುರ್ಚಿ, ಬಾಗಿಲ ಬಳಿ ಇಲ್ಲದ ಚಪ್ಪಲಿ, ಸಂಜೆ ಆರಕ್ಕೆ ಬಾರದ ಗೇಟಿನ ಸದ್ದು. ನೀವಿರುವ ಊರಿನಲ್ಲಿ ಅಪ್ಪ ಯಾವ ಕುರ್ಚಿಯಲ್ಲೂ ಕೂತಿರಲಿಲ್ಲ. ಹಾಗಾಗಿ ಅಲ್ಲಿ ಖಾಲಿ ಕುರ್ಚಿಯೂ ಇಲ್ಲ. ಮನಸ್ಸಿನ ಒಂದು ಮೂಲೆ ಅಪ್ಪ ಮನೆಯಲ್ಲೇ ಇದ್ದಾರೆ, ಫೋನ್ ಮಾಡಿದರೆ ಸಿಗುತ್ತಾರೆ ಅಂತ ನಂಬಿಕೊಂಡೇ ಇರುತ್ತದೆ. ದೂರದಲ್ಲಿದ್ದವರಿಗೆ ದುಃಖ ನಿಧಾನವಾಗಿ, ತುಂಡುತುಂಡಾಗಿ, ಹೊತ್ತಲ್ಲದ ಹೊತ್ತಿನಲ್ಲಿ ಬರುವುದು ಇದಕ್ಕೇ. ಮುಂದಿನ ತಿಂಗಳ ಪ್ರಯಾಣಕ್ಕೆ ನೀವು ಹೆದರಿರುವುದೂ ಇದಕ್ಕೇ ಅಲ್ವಾ? ಆ ವಿಷಯ ಕೊನೆಗೆ ಹೇಳುತ್ತೇನೆ.

ದುಃಖದ ಐದು ಹಂತಗಳ ಲೆಕ್ಕ ಯಾರಾದರೂ ನಿಮಗೆ ಹೇಳಿರಬಹುದು. ನಿರಾಕರಣೆ, ಸಿಟ್ಟು, ಚೌಕಾಸಿ, ಖಿನ್ನತೆ, ಒಪ್ಪಿಗೆ. ಎಲಿಸಬೆತ್ ಕೂಬ್ಲರ್ ರಾಸ್ ಎಂಬ ಮನೋವೈದ್ಯೆ 1969ರಲ್ಲಿ ಅದನ್ನು ಬರೆದದ್ದು ಸಾವಿನ ಹತ್ತಿರವಿದ್ದ ರೋಗಿಗಳ ಜೊತೆ ಮಾತಾಡಿ. ಉಳಿದವರ ದುಃಖಕ್ಕೆ ಅದು ಟೈಮ್ ಟೇಬಲ್ ಅಲ್ಲ. ಅದನ್ನು ಹಿಡಿದುಕೊಂಡು ನಾನು ಯಾವ ಹಂತದಲ್ಲಿದ್ದೇನೆ ಅಂತ ಹುಡುಕಬೇಡಿ.

ಈಗ ಒಂಟಿತನದ ವಿಷಯ. ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಜಾಸ್ತಿ ಕೇಳಿಸಿದ್ದು 'ಅವನನ್ನು ಬಿಟ್ಟರೆ ಇಲ್ಲಿ ನನಗೆ ಯಾರೂ ಇಲ್ಲ' ಅನ್ನುವ ಮಾತು.

ರಾಬರ್ಟ್ ವೈಸ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞರು 1973ರಲ್ಲೇ ಒಂಟಿತನದಲ್ಲಿ ಎರಡು ಬಗೆ ಇದೆ ಅಂದರು. ತೀರಾ ಹತ್ತಿರದ ಒಬ್ಬ ವ್ಯಕ್ತಿ ಇಲ್ಲದೆ ಆಗುವ ಒಂಟಿತನ ಒಂದು. ಸುತ್ತ ನಾಲ್ಕು ಜನ, ಒಂದು ಗುಂಪು, ನಮ್ಮದು ಅನ್ನುವ ಬಳಗ ಇಲ್ಲದೆ ಆಗುವುದು ಇನ್ನೊಂದು. ಎರಡೂ ಹೊಟ್ಟೆಯೊಳಗೆ ಒಂದೇ ತರಹ ನೋಯುತ್ತವೆ, ಆದರೆ ಒಂದರ ಔಷಧಿ ಇನ್ನೊಂದಕ್ಕೆ ಹತ್ತುವುದಿಲ್ಲ. ಎಷ್ಟು ಜನ ಗೆಳೆಯರಿದ್ದರೂ ಅಪ್ಪನ ಜಾಗ ತುಂಬುವುದಿಲ್ಲ. ಹಾಗೆಯೇ ಒಬ್ಬ ಹುಡುಗ ಎಷ್ಟು ಒಳ್ಳೆಯವನಾದರೂ ಒಂದು ಬಳಗವಾಗಲು ಅವನಿಂದ ಆಗುವುದಿಲ್ಲ. ನಿಮಗೆ ಈಗ ಎರಡೂ ಒಂಟಿತನ ಒಟ್ಟಿಗೆ ಬಂದಿವೆ. ಒಂದು ಸಾವಿನಿಂದ, ಇನ್ನೊಂದು ಊರು ಬದಲಾಗಿದ್ದರಿಂದ. ಎರಡಕ್ಕೂ ಅವನೊಬ್ಬನೇ ಉತ್ತರವಾಗಬೇಕಾಗಿ ಬಂದಿದೆ. ಅದು ನಿಮಗೂ ಕಷ್ಟ, ಅವನಿಗೂ ಭಾರ. ಪಾಪ, ಅವನೂ ತಾಯಿಯನ್ನು ಕಳೆದುಕೊಂಡವನೇ.

ಅಪ್ಪನಿಲ್ಲದ ಒಂಟಿತನ ಬೇಗ ಹೋಗುವುದಿಲ್ಲ. ಬಳಗವಿಲ್ಲದ ಒಂಟಿತನಕ್ಕೆ ಮಾತ್ರ ಈ ವಾರವೇ ಕೆಲಸ ಶುರು ಮಾಡಬಹುದು. ನಾನು ಅಲ್ಲಿಂದಲೇ ಶುರು ಮಾಡಿ ಅನ್ನುತ್ತೇನೆ.

ಏಳು ತಿಂಗಳಾದರೂ ಗೆಳೆಯರಿಲ್ಲ ಅಂತ ನಿಮ್ಮನ್ನು ನೀವೇ ಬೈದುಕೊಳ್ಳುತ್ತಿರಬಹುದು. ಸ್ವಲ್ಪ ಲೆಕ್ಕ ಮಾಡೋಣ. ಕಾನ್ಸಾಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೊಸ ಊರಿಗೆ ಹೋಗಿ ನೆಲೆಸಿದವರನ್ನೂ, ಹೊಸದಾಗಿ ಕಾಲೇಜಿಗೆ ಸೇರಿದವರನ್ನೂ ಕೇಳಿ ನೋಡಿದ್ದರು. ಬರೀ ಪರಿಚಯ ಒಂದು ಸಾಧಾರಣ ಗೆಳೆತನವಾಗಲು ಸುಮಾರು 50 ಗಂಟೆ ಜೊತೆಯಲ್ಲಿ ಕಳೆಯಬೇಕಾಯಿತು. ಆಪ್ತ ಗೆಳೆತನಕ್ಕೆ 200 ಗಂಟೆಗೂ ಜಾಸ್ತಿ. ಅದರಲ್ಲೂ ಆಫೀಸಿನಲ್ಲಿ ಪಕ್ಕಪಕ್ಕ ಕೂತು ಕೆಲಸ ಮಾಡಿದ ಗಂಟೆಗಳು ಅಷ್ಟಾಗಿ ಲೆಕ್ಕಕ್ಕೆ ಬರಲಿಲ್ಲ, ಸುಮ್ನೆ ಹರಟಿದ, ತಿಂದ, ತಿರುಗಾಡಿದ ಗಂಟೆಗಳು ಬಂದವು. ವಾರಕ್ಕೆ ಎರಡು ಗಂಟೆ ಅಂತ ಹಿಡಿದರೆ ಆ ಮೊದಲ 50ಕ್ಕೇ ಆರು ತಿಂಗಳು ಬೇಕು. ನೀವು ಸೋತಿಲ್ಲ. ಗಂಟೆಗಳು ಇನ್ನೂ ಸೇರಿಲ್ಲ, ಅಷ್ಟೇ.

ಹಾಗಾಗಿ ನಾನು ಹೇಳುವುದು ಒಂದೇ: ಅದೇ ಜಾಗ, ಅದೇ ಹೊತ್ತು, ಅದೇ ಜನ, ವಾರವಾರವೂ. ಒಂದು ಸಲದ ಪಾರ್ಟಿ, ಒಂದು ಸಲದ ಮೀಟಪ್ ಇವುಗಳಿಂದ ದುಃಖದಲ್ಲಿರುವವರಿಗೆ ಉಪಯೋಗ ಕಡಿಮೆ. ಪ್ರತಿ ಸಲ ಹೊಸ ಮುಖಗಳಿಗೆ ನಗುಮುಖ ತೋರಿಸಿ ಮನೆಗೆ ಬಂದು ಇನ್ನಷ್ಟು ಸುಸ್ತಾಗುತ್ತೀರಿ. ಹಾಡುವ ಗುಂಪು, ಈಜು, ಓಟದ ಗುಂಪು, ಲೈಬ್ರರಿಯಲ್ಲಿ ಸ್ವಯಂಸೇವೆ, ಯಾವುದಾದರೂ ಒಂದು. ಕೈಗೆ ಏನಾದರೂ ಕೆಲಸವಿರುವುದು ಒಳ್ಳೆಯದು, ಮಾತಾಡಲೇಬೇಕು ಅನ್ನುವ ಒತ್ತಾಯ ಇರುವುದಿಲ್ಲ. ನನ್ನನ್ನು ಕೇಳಿದರೆ ಅಲ್ಲಿನ ಭಾಷೆ ಕಲಿಸುವ ತರಗತಿ ಎಲ್ಲಕ್ಕಿಂತ ಒಳ್ಳೆಯದು. ಅಲ್ಲಿ ಎಲ್ಲರೂ ಬೇರೆಲ್ಲಿಂದಲೋ ಬಂದವರು, ಎಲ್ಲರೂ ತೊದಲುವವರೇ, ಎಲ್ಲರೂ ಯಾರನ್ನೋ ಹಿಂದೆ ಬಿಟ್ಟು ಬಂದಿರುತ್ತಾರೆ. ಎಂಟು ವಾರ ತಪ್ಪಿಸದೆ ಹೋಗಿ. ಮೂರನೇ ವಾರ ಬೇಡ ಅನ್ನಿಸುತ್ತದೆ, ಅವತ್ತೂ ಹೋಗಿ.

ನಾನೂ 24ನೇ ವಯಸ್ಸಿನಲ್ಲಿ ಬೇರೆ ದೇಶದಲ್ಲಿ ಓದುತ್ತಿದ್ದಾಗ ಅಮ್ಮನನ್ನು ಕಳೆದುಕೊಂಡೆ. ಅಂತ್ಯಕ್ರಿಯೆ ಮುಗಿಸಿ ಹದಿನೈದು ದಿನಕ್ಕೆ ವಾಪಸ್ ಬಂದೆ, ಪರೀಕ್ಷೆ ಇತ್ತು. ಕ್ಯಾಂಪಸ್ಸಿನ ಈಜುಕೊಳಕ್ಕೆ ಪ್ರತಿ ಮಂಗಳವಾರ ಬೆಳಿಗ್ಗೆ ಹೋಗುತ್ತಿದ್ದೆ, ಯಾಕೆಂದರೆ ನೀರಿನಲ್ಲಿ ಅತ್ತರೆ ಯಾರಿಗೂ ಗೊತ್ತಾಗುವುದಿಲ್ಲ. ಅಲ್ಲಿಗೆ ಒಬ್ಬರು ವಯಸ್ಸಾದ ಹೆಂಗಸು ಬರುತ್ತಿದ್ದರು. ನಮಸ್ಕಾರ, ನೀರು ತಣ್ಣಗಿದೆ, ಅಷ್ಟೇ ಮಾತು. ಮೂರು ತಿಂಗಳಾದ ಮೇಲೆ ಒಂದು ದಿನ ಅವರಿಗೆ ವಿಷಯ ಹೇಳಿದೆ. ಅವರು ಸಮಾಧಾನ ಹೇಳಲಿಲ್ಲ. 'ನಿನ್ನ ಅಮ್ಮನ ಹೆಸರೇನು?' ಅಂತ ಕೇಳಿದರು. ನಾನು ಹೇಳಿದೆ, ಅವರು ತಪ್ಪುತಪ್ಪಾಗಿ ಉಚ್ಚರಿಸಿದರು, ತಿದ್ದಿದೆ, ಮತ್ತೆ ಹೇಳಿದರು. ಆ ದೇಶದಲ್ಲಿ ಅಮ್ಮನ ಹೆಸರನ್ನು ಯಾರೋ ಒಬ್ಬರು ಹೇಳಿದ್ದು ಅವತ್ತೇ ಮೊದಲು. ಆಮೇಲೆ ಆ ಊರು ನನಗೆ ಸ್ವಲ್ಪ ಬೇರೆಯಾಯಿತು. ಈ ಕೆಲಸಕ್ಕೆ ಬಂದ ಮೇಲೆ ಎಷ್ಟೋ ಜನರ ಕಥೆ ಕೇಳಿದ್ದೇನೆ, ಆದರೂ ಆ ಬೆಳಿಗ್ಗೆ ನೆನೆದರೆ ಇವತ್ತಿಗೂ ಗಂಟಲು ಕಟ್ಟುತ್ತದೆ.

ನಿಮಗೆ ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಇದನ್ನೇ. ಆ ಊರಿನವರು ಯಾರೂ ಅಪ್ಪನನ್ನು ನೋಡಿಲ್ಲ. ನೀವೇ ಪರಿಚಯ ಮಾಡಿಸಬೇಕು. ಸಾವನ್ನಲ್ಲ, ಅಪ್ಪನನ್ನು. ಹಿಂದೆಲ್ಲ, ಮನೋವಿಶ್ಲೇಷಕ ಫ್ರಾಯ್ಡ್ 1917ರಲ್ಲಿ ಬರೆದದ್ದರಿಂದ ಹಿಡಿದು ಬಹಳ ಕಾಲ, ಸತ್ತವರಿಂದ ಮನಸ್ಸನ್ನು ಬಿಡಿಸಿಕೊಂಡರೆ ಮಾತ್ರ ವಾಸಿ ಅನ್ನುವ ನಂಬಿಕೆ ಇತ್ತು. 1996ರಲ್ಲಿ ಡೆನಿಸ್ ಕ್ಲಾಸ್, ಫಿಲಿಸ್ ಸಿಲ್ವರ್‌ಮನ್, ಸ್ಟೀವನ್ ನಿಕ್‌ಮನ್ ಎಂಬ ಮೂವರು ಸಂಶೋಧಕರು ಅದಕ್ಕೆ ಎದುರಾಗಿ ಮಾತಾಡಿದರು. ಹೋದವರ ಜೊತೆಗಿನ ನಂಟು ಮುಗಿಯುವುದಿಲ್ಲ, ರೂಪ ಬದಲಾಗುತ್ತದೆ, ಅದರಲ್ಲಿ ರೋಗ ಏನೂ ಇಲ್ಲ ಅಂದರು. ಈಗ ನಾವೂ ಹಾಗೆಯೇ ನೋಡುತ್ತೇವೆ. ಹಾಗಾಗಿ ಸಹೋದ್ಯೋಗಿಯ ಕುರ್ಚಿ ಅಲುಗಾಡಿದಾಗ, 'ನಮ್ಮಪ್ಪ ಇದ್ದಿದ್ದರೆ ಇಷ್ಟು ಹೊತ್ತಿಗೆ ತಿರುಗಿಸಿ ನೋಡಿರುತ್ತಿದ್ದರು' ಅಂತ ಹೇಳಿಬಿಡಿ. ಒಂದೇ ವಾಕ್ಯ. ಎದುರಿನವರು ಮುಜುಗರಪಟ್ಟರೆ ಪಡಲಿ. ಒಬ್ಬರಾದರೂ 'ಏನೇನು ರಿಪೇರಿ ಮಾಡುತ್ತಿದ್ದರು?' ಅಂತ ಕೇಳುತ್ತಾರೆ. ಅವರ ಜೊತೆ ಕಾಫಿಗೆ ಹೋಗಿ.

ಆಫೀಸಿನಲ್ಲಿ ಹೇಳಿರದಿದ್ದರೆ ಹೇಳಿ. ಉದ್ದ ಬೇಡ. 'ಹೋದ ವರ್ಷ ನನ್ನ ತಂದೆ ತೀರಿಕೊಂಡರು. ಕೆಲವು ದಿನ ಮಂಕಾಗಿರುತ್ತೇನೆ. ನೀವು ಏನೂ ಮಾಡಬೇಕಾಗಿಲ್ಲ, ಗೊತ್ತಿರಲಿ ಅಂತ ಹೇಳಿದೆ.' ಏನು ಹೇಳಬೇಕೋ ತಿಳಿಯದೆ ಒದ್ದಾಡುವವರಿಗೆ ಆ ಕೊನೆಯ ಮಾತಿನಿಂದ ಉಸಿರು ಬಂದ ಹಾಗಾಗುತ್ತದೆ.

ಭಾಷೆಯ ವಿಷಯದಲ್ಲಿ ಒಂದು ಮಾತು. ಕಲಿತ ಭಾಷೆಯಲ್ಲಿ 'ನನ್ನ ತಂದೆ ಸತ್ತರು' ಅನ್ನುವುದು ಎಷ್ಟೋ ಜನರಿಗೆ ಸುಲಭ, ಆ ಪದಗಳಿಗೆ ಅಷ್ಟು ಬಿಸಿ ಇರುವುದಿಲ್ಲ. ಹೊರಗಿನ ಪ್ರಪಂಚಕ್ಕೆ ಅದು ಅನುಕೂಲ. ಆದರೆ ಅಪ್ಪ ನಿಮ್ಮನ್ನು ಯಾವ ಭಾಷೆಯಲ್ಲಿ ಕರೆಯುತ್ತಿದ್ದರೋ ಅದೇ ಭಾಷೆಯಲ್ಲಿ ಅಳಲು ಒಬ್ಬರು ಬೇಕು. ಆ ಊರಿನಲ್ಲಿ ಕನ್ನಡದವರು ಸಿಕ್ಕರೆ ಸರಿ, ಇಲ್ಲದಿದ್ದರೆ ಹಳೆಯ ಗೆಳತಿಯೊಬ್ಬಳ ಜೊತೆ ವಾರಕ್ಕೊಂದು ಫೋನ್, ಇಂಥ ದಿನ ಇಂಥ ಹೊತ್ತು ಅಂತ ಗೊತ್ತು ಮಾಡಿಕೊಳ್ಳಿ. ಹೊತ್ತು ಹೊಂದಿಕೆಯಾಗದಿದ್ದರೆ ವಾಯ್ಸ್ ಮೆಸೇಜ್ ಸಾಕು.

ಆ ಹುಡುಗನ ಬಗ್ಗೆ. ಪ್ರೀತಿಯೋ ದುಃಖವೋ ಅಂತ ಕೇಳಿದ್ದೀರಿ. ಎರಡೂ ಇರಬಹುದು, ಒಂದರಿಂದ ಇನ್ನೊಂದು ಸುಳ್ಳಾಗುವುದಿಲ್ಲ. ಒಂದೇ ತರಹದ ಗಾಯ ಇರುವವರು ಬೇಗ ಹತ್ತಿರವಾಗುತ್ತಾರೆ, ಬೇರೆಯವರ ಜೊತೆ ಒಂದು ವರ್ಷ ಹಿಡಿಯುವ ಮಾತು ಇವರ ಜೊತೆ ಒಂದು ಸಂಜೆಯಲ್ಲಿ ಆಗಿಹೋಗುತ್ತದೆ. ಆ ಹತ್ತಿರ ನಿಜವೇ. ಅದರ ಮೇಲೆ ಒಂದು ಬದುಕು ನಿಲ್ಲುತ್ತದೆಯೋ ಇಲ್ಲವೋ ಅನ್ನುವುದು ಮಾತ್ರ ಬೇರೆ ಪ್ರಶ್ನೆ. ನಿಮ್ಮನ್ನು ನೀವೇ ಕೇಳಿಕೊಳ್ಳಿ: ಸಾವಿನ ಮಾತೇ ಬಾರದ ಒಂದು ಇಡೀ ದಿನ ಅವನ ಜೊತೆ ಕಳೆದಿದ್ದೀರಾ? ಅವನಿಗೆ ಯಾವುದಕ್ಕೆ ನಗು ಬರುತ್ತದೆ, ಯಾವುದಕ್ಕೆ ಸಿಟ್ಟು, ದುಡ್ಡಿನ ಬಗ್ಗೆ ಹೇಗೆ ಯೋಚಿಸುತ್ತಾನೆ, ಗೊತ್ತಾ? ನಿಮಗೆ ಒಂದು ಒಳ್ಳೆಯ ದಿನ ಬಂದಾಗ ಅದನ್ನು ಅವನಿಂದ ಮುಚ್ಚಿಡಬೇಕು ಅನ್ನಿಸುತ್ತದಾ? ಹಾಗೆ ಅನ್ನಿಸಿದರೆ ಸ್ವಲ್ಪ ನಿಲ್ಲಿ. ಇಬ್ಬರೂ ದುಃಖದಲ್ಲಿದ್ದರೆ ಮಾತ್ರ ನಡೆಯುವ ಸಂಬಂಧದಲ್ಲಿ, ಒಬ್ಬರು ವಾಸಿಯಾಗುವುದೇ ಇನ್ನೊಬ್ಬರಿಗೆ ದ್ರೋಹದ ಹಾಗೆ ಕಾಣತೊಡಗುತ್ತದೆ.

ಅವನಿಗೆ ಎರಡು ವರ್ಷವಾಗಿದೆ, ನಿಮಗೆ ಒಂದು. ಇದನ್ನೂ ನೆನಪಿಡಿ. ನೀವು ನೋವಿನ ಕಡೆ ತೂಗಿದ ದಿನ ಅವನು ಬದುಕಿನ ಕಡೆ ಇರಬಹುದು. ಅವತ್ತು ಅವನು ಸಿನಿಮಾಗೆ ಹೋಗೋಣ ಅಂದರೆ ಅದು ಕಲ್ಲು ಮನಸ್ಸಲ್ಲ. ಮದುವೆ, ಒಂದೇ ಮನೆಗೆ ಹೋಗುವುದು, ಕೆಲಸ ಬಿಡುವುದು ಇಂಥ ದೊಡ್ಡ ನಿರ್ಧಾರಗಳನ್ನು ಇನ್ನೊಂದಷ್ಟು ತಿಂಗಳು ಮುಂದೆ ಹಾಕಿ ಅಂತ ನನ್ನ ಸಲಹೆ. ಅಷ್ಟರಲ್ಲಿ ಆ ವಾರದ ತರಗತಿಯಿಂದ ನಿಮಗೆ ಬೇರೆ ನಾಲ್ಕು ಜನ ಸಿಕ್ಕಿರುತ್ತಾರೆ. ಬೇರೆ ಜನ ಇದ್ದೂ ಅವನೇ ಬೇಕು ಅನ್ನಿಸಿದರೆ ನಿಮ್ಮ ಪ್ರಶ್ನೆಗೆ ಉತ್ತರ ಸಿಕ್ಕಿತು. ಮತ್ತೆ, ಅವನ ಜೊತೆ ಖುಷಿಯಾಗಿದ್ದ ಸಂಜೆ ರಾತ್ರಿ ಮಲಗುವಾಗ ಚುಚ್ಚುತ್ತದಲ್ಲ, ಅಪ್ಪ ಹೋಗಿ ಒಂದೇ ವರ್ಷ, ನಾನು ನಗುತ್ತಿದ್ದೇನೆ ಅಂತ, ಆ ಚುಚ್ಚುವಿಕೆಯ ಒಳಗೆ ಇನ್ನೊಂದು ನೋವೂ ಇರಬಹುದು: ಅಪ್ಪ ಇವನನ್ನು ಯಾವತ್ತೂ ನೋಡುವುದಿಲ್ಲ ಅನ್ನುವುದು. ಅದನ್ನು ತಪ್ಪಿತಸ್ಥ ಭಾವನೆ ಅಂತ ತಿಳಿಯಬೇಡಿ. ಅದು ಅಪ್ಪನ ಮೇಲಿನ ಹಂಬಲ. ಅದಕ್ಕೆ ಅತ್ತುಬಿಡಿ, ನಗುವುದನ್ನು ನಿಲ್ಲಿಸಬೇಡಿ.

ಅಮ್ಮನಿಗೆ ನೀವು 'ಚೆನ್ನಾಗಿದ್ದೀನಿ' ಅನ್ನುತ್ತೀರಿ. ಅಮ್ಮನೂ ಬಹುಶಃ ಅದನ್ನೇ ಅನ್ನುತ್ತಿರುತ್ತಾರೆ. ಇಬ್ಬರೂ ಒಬ್ಬರನ್ನೊಬ್ಬರು ಕಾಪಾಡುತ್ತಾ ಇಬ್ಬರೂ ಒಂಟಿಯಾಗಿದ್ದೀರಿ. ಎಲ್ಲವನ್ನೂ ಒಂದೇ ಸಲ ಸುರಿಯಬೇಕಾಗಿಲ್ಲ. ಒಂದು ಫೋನಿಗೆ ಒಂದು ನಿಜ ಸಾಕು. 'ಇವತ್ತು ಅಂಗಡಿಯಲ್ಲಿ ಸ್ಕ್ರೂಡ್ರೈವರ್ ನೋಡಿ ಅಪ್ಪ ನೆನಪಾದರು, ಅಳು ಬಂತು' ಅನ್ನಿ. ಅಮ್ಮ ಅಳುತ್ತಾರೆ, ಆಮೇಲೆ ಅವರೂ ಒಂದು ಹೇಳುತ್ತಾರೆ. ಅವರು ಕಳೆದುಕೊಂಡದ್ದು ಗಂಡನನ್ನು, ನೀವು ಅಪ್ಪನನ್ನು. ಇಬ್ಬರದೂ ಬೇರೆ ನಷ್ಟ, ಒಂದೇ ತರಹ ಇರಬೇಕಾಗಿಲ್ಲ. ಇನ್ನು ಕೆಲವು ದಿನ ಮಾತೇ ಬೇಡ, ವಿಡಿಯೊ ಕಾಲ್ ಹಾಕಿಟ್ಟು ನಿಮ್ಮ ಕೆಲಸ ನೀವು, ಅವರ ಕೆಲಸ ಅವರು ಮಾಡಿಕೊಳ್ಳಿ. ಒಂದೇ ಮನೆಯಲ್ಲಿದ್ದಾಗ ಹಾಗೇ ಇರುತ್ತಿದ್ದಿರಿ, ಅಲ್ವಾ?

ಕೌನ್ಸೆಲಿಂಗ್ ಬೇಕಾ ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ದುಃಖ ಕಾಯಿಲೆಯಲ್ಲ. ಆದರೆ ಸುಮಾರು ಹತ್ತರಲ್ಲಿ ಒಬ್ಬರಿಗೆ ಅದು ಒಂದೇ ಕಡೆ ಸಿಕ್ಕಿಹಾಕಿಕೊಳ್ಳುತ್ತದೆ. 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿ, ಐಸಿಡಿ-11, ಇದನ್ನು ದೀರ್ಘಕಾಲದ ದುಃಖದ ತೊಂದರೆ ಅಂತ ಸೇರಿಸಿದೆ. ಅದರ ಪ್ರಕಾರ ಕನಿಷ್ಠ 6 ತಿಂಗಳಾಗಿರಬೇಕು. ಅಮೆರಿಕದ ಮನೋವೈದ್ಯರ ಕೈಪಿಡಿ ದೊಡ್ಡವರಿಗೆ 12 ತಿಂಗಳು ಅನ್ನುತ್ತದೆ. ತಿಂಗಳಿಗಿಂತ ಮುಖ್ಯ ಲಕ್ಷಣ. ಹೆಚ್ಚುಕಡಿಮೆ ಪ್ರತಿದಿನವೂ ಬೇರೇನೂ ಮಾಡಲಾಗದಷ್ಟು ಹಂಬಲ, ಹೋಗಿದ್ದಾರೆ ಅಂತ ಇನ್ನೂ ನಂಬಲಾಗದಿರುವುದು, ನನ್ನದೇ ಒಂದು ಭಾಗ ಸತ್ತುಹೋದ ಹಾಗೆ ಅನ್ನಿಸುವುದು, ಮನಸ್ಸು ಮರಗಟ್ಟಿರುವುದು, ಕೆಲಸ ಕೆಡುತ್ತಾ ಹೋಗುವುದು. ನಿಮ್ಮ ಪತ್ರ ನೋಡಿದರೆ ನನಗೆ ಹಾಗೆ ಕಾಣುವುದಿಲ್ಲ, ನೀವು ಅಳುತ್ತಿದ್ದೀರಿ, ಕೆಲಸಕ್ಕೂ ಹೋಗುತ್ತಿದ್ದೀರಿ, ಒಬ್ಬರನ್ನು ಹತ್ತಿರ ಬಿಟ್ಟುಕೊಂಡಿದ್ದೀರಿ. ಆದರೆ ಪತ್ರದಲ್ಲಿ ಬರೆಯದ್ದು ನಿಮಗೇ ಗೊತ್ತು. ಅಪ್ಪನ ಹತ್ತಿರ ಹೋಗಿಬಿಡಬೇಕು ಅಂತ ಒಂದು ಕ್ಷಣ ಅನ್ನಿಸುವುದು ಎಷ್ಟೋ ಜನರಿಗೆ ಆಗುತ್ತದೆ, ಆದರೂ ಯಾರಿಗಾದರೂ ಹೇಳಿ. ಅದು ಹೇಗೆ, ಯಾವಾಗ ಅಂತ ಯೋಚನೆ ಹೋದರೆ ತಡಮಾಡಬೇಡಿ, ಆ ದೇಶದ ತುರ್ತು ನಂಬರಿಗೆ ಅವತ್ತೇ ಕರೆ ಮಾಡಿ.

ಸಹಾಯ ಬೇಕಾದರೆ ಮೊದಲು ಆಫೀಸಿನ ಎಚ್‌ಆರ್ ಹತ್ತಿರ ಕೇಳಿ. ತುಂಬಾ ಕಂಪನಿಗಳಲ್ಲಿ ಉದ್ಯೋಗಿಗಳಿಗೆ ಕೆಲವು ಭೇಟಿಗಳ ಕೌನ್ಸೆಲಿಂಗ್ ಉಚಿತವಾಗಿ ಇರುತ್ತದೆ, ಯಾರೂ ಹೇಳುವುದಿಲ್ಲ ಅಷ್ಟೇ. ಇಲ್ಲವಾದರೆ ಅಲ್ಲಿನ ಫ್ಯಾಮಿಲಿ ಡಾಕ್ಟರ್. ಹತ್ತಿರದವರನ್ನು ಕಳೆದುಕೊಂಡವರಿಗೆಂದೇ ಸಂಸ್ಥೆಗಳೂ ಇವೆ, ಬ್ರಿಟನ್ನಿನ ಕ್ರೂಸ್ 1959ರಿಂದ ಈ ಕೆಲಸ ಮಾಡುತ್ತಿದೆ. ಮೊದಲ ಭೇಟಿಯಲ್ಲೇ ನನ್ನ ವಿವರ ಯಾರ ಕೈಗೆ ಹೋಗುತ್ತದೆ ಅಂತ ಕೇಳಿ, ಅದು ನಿಮ್ಮ ಹಕ್ಕು. ಕನ್ನಡದಲ್ಲೇ ಆನ್‌ಲೈನ್ ಕೌನ್ಸೆಲಿಂಗ್ ಬೇಕಾದರೆ ಅದೂ ಸಾಧ್ಯ. ಬೇರೆ ದೇಶದಲ್ಲಿರುವವರನ್ನು ನೋಡಲು ಆ ಕೌನ್ಸೆಲರ್‌ಗೆ ಪರವಾನಗಿ ಇದೆಯಾ ಅಂತ ಮೊದಲೇ ವಿಚಾರಿಸಿಕೊಳ್ಳಿ.

ಕೊನೆಗೆ ಆ ಪ್ರಯಾಣ. ಬಾಗಿಲು ತೆರೆದ ತಕ್ಷಣ ಅಪ್ಪ ಮತ್ತೊಮ್ಮೆ ಹೋದ ಹಾಗೆ ಆಗುತ್ತದೆ. ಇದನ್ನು ಮುಂಚೆಯೇ ತಿಳಿದುಕೊಂಡು ಹೋಗಿ. ವಾಸಿಯಾಗುತ್ತಿದ್ದದ್ದು ಹಾಳಾಯಿತು ಅಂದುಕೊಳ್ಳಬೇಡಿ, ಇಷ್ಟು ದಿನ ದೂರದಲ್ಲಿದ್ದು ತಪ್ಪಿಹೋದ ಪಾಠಗಳೆಲ್ಲ ಒಟ್ಟಿಗೆ ಆಗುತ್ತವೆ. ಮೊದಲ ಎರಡು ದಿನ ಯಾರನ್ನೂ ಭೇಟಿಯಾಗುವ ಕಾರ್ಯಕ್ರಮ ಇಟ್ಟುಕೊಳ್ಳಬೇಡಿ. ಅಪ್ಪನ ಬಟ್ಟೆ, ಕಪಾಟು ಖಾಲಿ ಮಾಡಬೇಕು ಅಂತ ಯಾರಾದರೂ ಅಂದರೆ ಈ ಸಲ ಬೇಡ ಅನ್ನಿ. ವಾಪಸ್ ಬಂದ ಮೇಲಿನ ಮೊದಲ ವಾರ ಇನ್ನೂ ಕಷ್ಟ, ಹೋಗುವ ಮುಂಚೆಯೇ ಆ ವಾರಕ್ಕೆ ಒಬ್ಬರ ಜೊತೆ ಊಟಕ್ಕೆ ಹೇಳಿಟ್ಟುಕೊಳ್ಳಿ. ಆ ಹುಡುಗನೇ ಆಗಬೇಕೆಂದಿಲ್ಲ.

ಮನೆಯಲ್ಲಿ ಅಪ್ಪನ ರಿಪೇರಿ ಸಾಮಾನಿನ ಡಬ್ಬಿ ಇನ್ನೂ ಇದ್ದರೆ ಅಮ್ಮನ ಜೊತೆ ಕೂತು ತೆಗೆದು ನೋಡಿ. ಒಂದು ಸ್ಕ್ರೂಡ್ರೈವರ್ ಕೇಳಿ ತೆಗೆದುಕೊಳ್ಳಿ. ಚೆಕ್-ಇನ್ ಮಾಡುವ ಬ್ಯಾಗಿನಲ್ಲೇ ಇಡಿ, ಕೈಚೀಲದಲ್ಲಿಟ್ಟರೆ ವಿಮಾನ ನಿಲ್ದಾಣದ ತಪಾಸಣೆಯಲ್ಲಿ ತೆಗೆದಿಟ್ಟುಕೊಂಡುಬಿಡಬಹುದು.